ಹಾಸಿಗೆಯಿಂದ ಒಂದು ಮೀಟರ್ ದೂರ

ತೀವ್ರ ನಿಗಾ ಘಟಕದ, ಅಂದರೆ ಜನರ ಬಾಯಲ್ಲಿ ಐಸಿಯು ಎಂದೇ ರೂಢಿಯಾಗಿರುವ ಕೋಣೆಯ ಬಾಗಿಲ ಮೇಲೆ ಮೊಬೈಲ್ ಬಳಕೆಯನ್ನು ನಿಷೇಧಿಸುವ ಫಲಕ ಅನೇಕ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣಿಸುತ್ತದೆ. ಅದರ ಕೆಳಗೇ ನಿಂತು ರೋಗಿಯ ಬಂಧುಗಳು ಊರಿಗೆ ಫೋನ್ ಮಾಡುವುದೂ, ಒಳಗಿನಿಂದ ವೈದ್ಯರು ವಾಟ್ಸ್‌ಆ್ಯಪ್‌ನಲ್ಲಿ ಎಕ್ಸ್‌ರೇ ಚಿತ್ರ ಕಳುಹಿಸುವುದೂ ಅಷ್ಟೇ ಸಾಮಾನ್ಯವಾಗಿದೆ. ಯಾರೂ ಪಾಲಿಸದ ನಿಯಮದ ಹಿಂದಿನ ಕಾರಣವೂ ಪೊಳ್ಳೆಂಬ ಭಾವನೆ ಬೆಳೆಯುವುದು ಸಹಜವಾದರೂ ಈ ಕಾರಣ ಪೊಳ್ಳಲ್ಲ. ಮೊಬೈಲ್ ಹೊಮ್ಮಿಸುವ ರೇಡಿಯೊ ತರಂಗಗಳು ಕೆಲವು ವೈದ್ಯಕೀಯ ಉಪಕರಣಗಳ ಕೆಲಸವನ್ನು ಕೆಡಿಸಬಲ್ಲವೆಂಬುದು ಪ್ರಯೋಗಗಳಿಂದ ಖಚಿತಪಟ್ಟಿದೆ. ಕೆಡಿಸುತ್ತವೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಫೋನಿನ ಶಕ್ತಿ, ಉಪಕರಣದ ತಾಳಿಕೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಅವೆರಡರ ನಡುವಿನ ಅಂತರ. ಫಲಕದ ಮೇಲೆ ಬರೆಯದೆ ಉಳಿದಿರುವುದು ಈ ಅಂತರದ ಮಾತೇ.

ಮೊಬೈಲ್ ಮೂಲತಃ ಒಂದು ಪುಟ್ಟ ರೇಡಿಯೊ ಕೇಂದ್ರ. ಮಾತನ್ನು ಅಂಕಿಗಳಾಗಿ ಪರಿವರ್ತಿಸಿ, ಆ ಅಂಕಿಗಳನ್ನು ರೇಡಿಯೊ ತರಂಗಕ್ಕೆ ಏರಿಸಿ ಹತ್ತಿರದ ಟವರಿಗೆ ಕಳುಹಿಸುವುದು ಅದರ ಕೆಲಸ. ಭಾರತದಲ್ಲಿ 1995ರ ಜುಲೈ 31ರಂದು ಮೊಬೈಲ್ ಸೇವೆ ಆರಂಭವಾದ ಮೇಲೆ ಬಹುಕಾಲ ಆಳಿದ್ದು ಇಂದು 2ಜಿ ಎಂದು ಕರೆಯಲಾಗುವ ಜಿಎಸ್‌ಎಂ ತಂತ್ರಜ್ಞಾನ. 900 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸೆಕೆಂಡಿಗೆ 90 ಕೋಟಿ ಸಲ ಕಂಪಿಸುವ ತರಂಗದಲ್ಲಿ, ಈ ಬಗೆಯ ಫೋನು ಗರಿಷ್ಠ 2 ವ್ಯಾಟ್ ಶಕ್ತಿಯನ್ನು ಹೊಮ್ಮಿಸಬಲ್ಲದು. ಒಂದೇ ಆವರ್ತನವನ್ನು ಎಂಟು ಮಂದಿ ಸರದಿಯ ಮೇಲೆ ಬಳಸುವ ಏರ್ಪಾಡು ಇರುವುದರಿಂದ ಪ್ರತಿಯೊಂದು ಫೋನೂ ಸುಮಾರು 4.6 ಮಿಲಿಸೆಕೆಂಡಿಗೊಮ್ಮೆ ಒಂದು ಚಿಕ್ಕ ಅವಧಿಗೆ ಮಾತ್ರ ತರಂಗ ಹೊರಡಿಸಿ ಸುಮ್ಮನಾಗುತ್ತದೆ. ಲೆಕ್ಕ ಹಾಕಿದರೆ ಇದು ಸೆಕೆಂಡಿಗೆ 217 ಬಡಿತಗಳಾಗುತ್ತದೆ. ಹಳೆಯ ಫೋನನ್ನು ರೇಡಿಯೊ ಅಥವಾ ಕಂಪ್ಯೂಟರಿನ ಸ್ಪೀಕರ್ ಪಕ್ಕದಲ್ಲಿಟ್ಟವರೆಲ್ಲ ಕೇಳಿರುವ ಗರಗರ ಸದ್ದು ಈ ಬಡಿತಗಳದ್ದೇ. ಆ ಸದ್ದು ಗಂಟೆ ಬಾರಿಸುವುದಕ್ಕಿಂತ ಒಂದೆರಡು ಕ್ಷಣ ಮೊದಲೇ ಕೇಳಿಬರುವುದಕ್ಕೂ ಕಾರಣವಿದೆ: ಟವರು ಕರೆದಾಗ ಫೋನು ಮೊದಲು ‘ಇಲ್ಲಿದ್ದೇನೆ’ ಎಂದು ಉತ್ತರಿಸುತ್ತದೆ, ಆಮೇಲಷ್ಟೇ ಮಾಲೀಕನನ್ನು ಎಚ್ಚರಿಸುತ್ತದೆ. ಹೀಗಾಗಿ ಫೋನನ್ನು ಸೈಲೆಂಟ್ ಮಾಡಿ ಜೇಬಿನಲ್ಲಿಟ್ಟುಕೊಂಡ ಮಾತ್ರಕ್ಕೆ ಅದು ಉಪಕರಣಗಳ ಪಾಲಿಗೂ ಮೌನವಾಗುವುದಿಲ್ಲ.

ಇನ್ನೊಂದು ಕಡೆ ನಿಂತಿರುವುದು ಉಪಕರಣ. ಎದೆಯ ಮೇಲೆ ಅಂಟಿಸಿದ ಬಿಲ್ಲೆಗಳ ಮೂಲಕ ಇಸಿಜಿ ಯಂತ್ರಕ್ಕೆ ತಲುಪುವ ಹೃದಯದ ವಿದ್ಯುತ್ ಸಂಕೇತ ಹೆಚ್ಚೆಂದರೆ ಒಂದು ಮಿಲಿವೋಲ್ಟ್‌ನ ಆಸುಪಾಸಿನದು, ಮೆದುಳಿನ ಸಂಕೇತವನ್ನು ದಾಖಲಿಸುವ ಇಇಜಿಯದಂತೂ ಅದಕ್ಕಿಂತ ಹತ್ತಾರು ಪಟ್ಟು ಕ್ಷೀಣವಾದದ್ದು. ಇಷ್ಟು ಸಣ್ಣ ಸಂಕೇತವನ್ನು ಸಾವಿರಾರು ಪಟ್ಟು ಹಿಗ್ಗಿಸುವ ವರ್ಧಕ ಯಂತ್ರದೊಳಗಿರುತ್ತದೆ. ರೋಗಿಯಿಂದ ಅದರವರೆಗೆ ಚಾಚಿಕೊಂಡ ತಂತಿಗಳು ಹೃದಯದ ಸಂಕೇತದ ಜೊತೆಗೆ ಗಾಳಿಯಲ್ಲಿರುವ ರೇಡಿಯೊ ತರಂಗವನ್ನೂ ಹಿಡಿಯುತ್ತವೆ. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಕಾಲು ಭಾಗದಷ್ಟು, ಅಂದರೆ ಸುಮಾರು 8 ಸೆಂಟಿಮೀಟರ್ ಉದ್ದದ ಯಾವುದೇ ತಂತಿ ಒಳ್ಳೆಯ ಆಂಟೆನಾ ಆಗುತ್ತದೆಂಬುದು ರೇಡಿಯೊ ವಿಜ್ಞಾನದ ಪ್ರಾಥಮಿಕ ಪಾಠ, ಮತ್ತು ಅಂಥ ಉದ್ದದ ತಂತಿಗಳು ಯಾವ ಯಂತ್ರದ ಒಳಗೂ ಬೇಕಾದಷ್ಟಿರುತ್ತವೆ.

ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುವ ತರಂಗ, ಸೆಕೆಂಡಿಗೆ ಒಂದೆರಡು ಸಲ ಬಡಿಯುವ ಹೃದಯದ ಸಂಕೇತವನ್ನು ಹೇಗೆ ಕೆಡಿಸೀತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅಷ್ಟು ವೇಗದ ಕಂಪನಕ್ಕೆ ಸ್ಪಂದಿಸುವ ಶಕ್ತಿ ಇಸಿಜಿಯ ವರ್ಧಕಕ್ಕೆ ಇಲ್ಲವೆಂಬುದು ನಿಜವೇ. ಆದರೆ ಅದರೊಳಗಿನ ಟ್ರಾನ್ಸಿಸ್ಟರುಗಳು ವಿದ್ಯುತ್ತನ್ನು ಒಂದು ದಿಕ್ಕಿನಲ್ಲಿ ಸರಾಗವಾಗಿಯೂ ಇನ್ನೊಂದು ದಿಕ್ಕಿನಲ್ಲಿ ತಡೆದೂ ಹರಿಸುವ ಸ್ವಭಾವದವಾದ್ದರಿಂದ ವೇಗದ ಕಂಪನವನ್ನು ಅವು ಅಳಿಸಿಹಾಕಿ, ಅದರ ಏರಿಳಿತದ ಹೊರರೇಖೆಯನ್ನಷ್ಟೇ ಉಳಿಸಿಕೊಳ್ಳುತ್ತವೆ. ಎಂಜಿನಿಯರುಗಳು ದಿಷ್ಟೀಕರಣ ಎಂದು ಕರೆಯುವ ಈ ಕ್ರಿಯೆಯಿಂದಾಗಿ ಫೋನಿನ 217ರ ಬಡಿತ ನೇರವಾಗಿ ಯಂತ್ರದ ಹೊಟ್ಟೆಯೊಳಗೆ ಹುಟ್ಟುತ್ತದೆ. ಇಷ್ಟೇ ಆಗಿದ್ದರೆ ಸೋಸಿ ತೆಗೆಯುವುದು ಸುಲಭವಿತ್ತು. ಜಿಎಸ್‌ಎಂ ಪದ್ಧತಿಯಲ್ಲಿ 26 ಸರದಿಗಳಿಗೊಮ್ಮೆ ಒಂದನ್ನು ಖಾಲಿ ಬಿಡುವ ಏರ್ಪಾಡಿರುವುದರಿಂದ ಸೆಕೆಂಡಿಗೆ 8 ಸಲದ ಇನ್ನೊಂದು ಏರಿಳಿತ ಸೇರಿಕೊಳ್ಳುತ್ತದೆ. ಮಾತಾಡುವವರು ಸುಮ್ಮನಿದ್ದು ಕೇಳಿಸಿಕೊಳ್ಳುತ್ತಿರುವಾಗ ಬ್ಯಾಟರಿ ಉಳಿಸಲೆಂದು ಫೋನು ಆಗೊಮ್ಮೆ ಈಗೊಮ್ಮೆ ಮಾತ್ರ ತರಂಗ ಹೊರಡಿಸುವುದರಿಂದ ಸೆಕೆಂಡಿಗೆ ಸುಮಾರು 2 ಸಲದ ಮತ್ತೊಂದು ಏರಿಳಿತ ಉಂಟಾಗುತ್ತದೆ. ಸೆಕೆಂಡಿಗೆ 2 ಎಂದರೆ ನಿಮಿಷಕ್ಕೆ 120, ಅಂದರೆ ಓಡಿಬಂದ ಮನುಷ್ಯನ ನಾಡಿಬಡಿತ. ಹೃದಯದ ಬಡಿತವನ್ನು ಎಣಿಸುವುದಕ್ಕೇ ಹುಟ್ಟಿದ ಉಪಕರಣ ಇದನ್ನು ಸೋಸಿ ಎಸೆಯುವಂತಿಲ್ಲ. ಎಸೆದರೆ ನಿಜವಾದ ಹೃದಯವನ್ನೂ ಎಸೆದಂತಾಗುತ್ತದೆ.

ಈ ತೊಡಕು ಮೊಬೈಲಿನ ಜೊತೆ ಹುಟ್ಟಿದ್ದಲ್ಲ. 1980ರ ದಶಕದ ಕೊನೆಯಲ್ಲೇ ಅಮೆರಿಕದಲ್ಲಿ, ಹಸುಗೂಸುಗಳ ಉಸಿರು ನಿಂತರೆ ಕೂಗಿ ಎಚ್ಚರಿಸಬೇಕಾದ ಕೆಲವು ಯಂತ್ರಗಳು ಎಫ್‌ಎಂ ಪ್ರಸಾರ ಕೇಂದ್ರಗಳ ತರಂಗವನ್ನೇ ಉಸಿರಾಟವೆಂದು ತಪ್ಪು ತಿಳಿದು ಸುಮ್ಮನಿರಬಲ್ಲವೆಂಬುದು ಬೆಳಕಿಗೆ ಬಂದಿತ್ತು. ಅಂಗವಿಕಲರ ವಿದ್ಯುತ್‌ಚಾಲಿತ ಗಾಲಿಕುರ್ಚಿಗಳು ಸಮೀಪದ ಪೊಲೀಸ್ ವೈರ್‌ಲೆಸ್ಸಿನಂಥ ಸಾಧನಗಳ ಪ್ರಭಾವಕ್ಕೆ ಸಿಕ್ಕಿ ತಾವಾಗಿಯೇ ಚಲಿಸಿದ ವರದಿಗಳ ಫಲವಾಗಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 1994ರಲ್ಲಿ ತಯಾರಕರಿಗೆ ಹೆಚ್ಚಿನ ತಾಳಿಕೆಯನ್ನು ವಿಧಿಸಿತು. ಆ ಕಾಲದ ಇನ್ನೊಂದು ಪ್ರಕರಣ ಎಂಜಿನಿಯರುಗಳ ಪಾಠಗಳಲ್ಲಿ ಇಂದಿಗೂ ಉಳಿದಿದೆ: ಆಂಬ್ಯುಲೆನ್ಸ್ ಸಿಬ್ಬಂದಿ ಆಸ್ಪತ್ರೆಯೊಂದಿಗೆ ಮಾತಾಡಲು ವೈರ್‌ಲೆಸ್ ಒತ್ತಿದಾಗಲೆಲ್ಲ ರೋಗಿಯ ಹೃದಯ ನೋಡುತ್ತಿದ್ದ ಯಂತ್ರ ನಿಂತುಹೋಗುತ್ತಿತ್ತು, ಆಮೇಲೆ ಹುಡುಕಿದಾಗ ವಾಹನದ ಲೋಹದ ಚಾವಣಿಯನ್ನು ತೆಗೆದು ಫೈಬರ್‌ಗ್ಲಾಸಿನದನ್ನು ಹಾಕಿದ್ದರಿಂದ, ಮೇಲಿನ ಆಂಟೆನಾದ ತರಂಗ ಯಾವ ಅಡ್ಡಿಯೂ ಇಲ್ಲದೆ ಒಳಗಿಳಿಯುತ್ತಿತ್ತೆಂದು ತಿಳಿಯಿತು. ತಪ್ಪು ಯಂತ್ರದ್ದೂ ಅಲ್ಲ, ವೈರ್‌ಲೆಸ್ಸಿನದೂ ಅಲ್ಲ. ಎರಡೂ ತಮ್ಮ ಪಾಡಿಗೆ ಸರಿಯಾಗಿಯೇ ಇದ್ದವು.

1998ರ ಫೆಬ್ರುವರಿಯಲ್ಲಿ ಟೆಕ್ಸಸ್‌ನ ಡಲ್ಲಾಸ್ ನಗರದಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರವಾದದ್ದು. ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ರೋಗಿಗಳು ಓಡಾಡುತ್ತಲೇ ಇಸಿಜಿ ದಾಖಲಾಗಲೆಂದು ಬಳಸುತ್ತಿದ್ದ ತಂತಿರಹಿತ ಯಂತ್ರಗಳು, ಆ ಊರಿನಲ್ಲಿ ಖಾಲಿ ಬಿದ್ದಿದ್ದ ಟಿವಿ ವಾಹಿನಿಯ ಆವರ್ತನದಲ್ಲಿ ಸಂಕೇತ ಕಳುಹಿಸುತ್ತಿದ್ದವು. ಸ್ಥಳೀಯ ಟಿವಿ ಕೇಂದ್ರವೊಂದು ತನ್ನ ಹೊಸ ಡಿಜಿಟಲ್ ಪ್ರಸಾರವನ್ನು ಅದೇ ಆವರ್ತನದಲ್ಲಿ ಪರೀಕ್ಷೆಗೆ ಹಚ್ಚಿದ ಕೂಡಲೇ ಆ ಯಂತ್ರಗಳು ಕುರುಡಾದವು. ವಿಷಯ ತಿಳಿದು ಕೇಂದ್ರ ಪ್ರಸಾರ ನಿಲ್ಲಿಸಿತು, ರೋಗಿಗಳಿಗೆ ಹಾನಿಯಾಗಲಿಲ್ಲ. ಆದರೆ ಆಸ್ಪತ್ರೆಗಳ ತಂತಿರಹಿತ ಸಾಧನಗಳಿಗೆಂದೇ ಕೆಲವು ಆವರ್ತನಗಳನ್ನು 2000ದಲ್ಲಿ ಅಮೆರಿಕ ಮೀಸಲಿಡುವುದಕ್ಕೆ ಈ ಘಟನೆ ದಾರಿಯಾಯಿತು.

ಮೊಬೈಲಿನ ವಿಷಯದಲ್ಲಿ ಮೊದಲ ದೊಡ್ಡ ಲೆಕ್ಕ ಬಂದದ್ದು ಬ್ರಿಟನ್ನಿನಿಂದ. ಅಲ್ಲಿನ ವೈದ್ಯಕೀಯ ಸಾಧನಗಳ ಸಂಸ್ಥೆ 178 ಮಾದರಿಯ ಉಪಕರಣಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಮೀಟರ್ ದೂರದಲ್ಲಿ ಮೊಬೈಲ್ ಫೋನಿನಿಂದ ಅಡಚಣೆಗೊಂಡ ಉಪಕರಣಗಳು ಶೇ 4 ಮಾತ್ರ; ಅದೇ ದೂರದಲ್ಲಿ ತುರ್ತು ಸೇವೆಯವರ ಕೈಯಲ್ಲಿನ ವೈರ್‌ಲೆಸ್ ಸಾಧನದಿಂದ ಅಡಚಣೆಗೊಂಡವು ಶೇ 41. ಈ ಎರಡನೆಯ ಅಂಕಿಯನ್ನು ಆಸ್ಪತ್ರೆಗಳು ಓದಿಕೊಳ್ಳಲೇ ಇಲ್ಲವೆನ್ನಬೇಕು. ಸಂದರ್ಶಕರ ಫೋನು ಆರಿಸುವಂತೆ ಗದರುವ ಕಾವಲುಗಾರನ ಸೊಂಟದಲ್ಲೇ ಫೋನಿಗಿಂತ ಎರಡು ಪಟ್ಟಿಗೂ ಮಿಕ್ಕ ಶಕ್ತಿಯ ವಾಕಿ–ಟಾಕಿ ನೇತಾಡುತ್ತಿರುವುದನ್ನು ಯಾರೂ ಅಪಾಯವೆಂದು ಬಗೆಯಲಿಲ್ಲ.

ಹತ್ತು ವರ್ಷದ ಮೇಲೆ, 2007ರಲ್ಲಿ, ಒಂದನ್ನೊಂದು ಅಲ್ಲಗಳೆಯುವಂತೆ ತೋರುವ ಎರಡು ಅಧ್ಯಯನಗಳು ಹೊರಬಂದವು. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ತೀವ್ರ ನಿಗಾ ಘಟಕದ 61 ಉಪಕರಣಗಳನ್ನು ಪರೀಕ್ಷಿಸಿದಾಗ 26ರಲ್ಲಿ ಅಡಚಣೆ ಕಂಡುಬಂತು. ಒಟ್ಟು 48 ಘಟನೆಗಳಲ್ಲಿ 16 ಅಪಾಯಕಾರಿ ಎನಿಸಿದವು. ಕೃತಕವಾಗಿ ಉಸಿರಾಡಿಸುವ ವೆಂಟಿಲೇಟರ್ ಆರಿ ಮತ್ತೆ ಹೊತ್ತಿಕೊಂಡದ್ದು, ರಕ್ತನಾಳಕ್ಕೆ ಔಷಧಿಯನ್ನು ಹನಿಹನಿಯಾಗಿ ತಳ್ಳುವ ಸಿರಿಂಜ್ ಪಂಪು ಯಾವ ಎಚ್ಚರಿಕೆಯ ಸದ್ದೂ ಇಲ್ಲದೆ ನಿಂತುಹೋದದ್ದು ಇಂಥವುಗಳಲ್ಲಿ ಸೇರಿದ್ದವು. ಅದೇ ವರ್ಷ ಅಮೆರಿಕದ ಮೇಯೊ ಕ್ಲಿನಿಕ್ಕಿನವರು 75 ರೋಗಿಗಳ ಕೊಠಡಿಗಳಲ್ಲಿ, 192 ಉಪಕರಣಗಳ ಬಳಿ, 300 ಪರೀಕ್ಷೆ ನಡೆಸಿ, ಚಿಕಿತ್ಸೆಗೆ ತೊಡಕಾಗುವ ಒಂದೇ ಒಂದು ಅಡಚಣೆಯೂ ಕಾಣಲಿಲ್ಲವೆಂದು ವರದಿ ಮಾಡಿದರು. ಪತ್ರಿಕೆಗಳು ತಮಗೆ ಬೇಕಾದ ವರದಿಯನ್ನು ಹೆಕ್ಕಿಕೊಂಡು ‘ಮೊಬೈಲ್ ಮಾರಕ’ ಎಂದೋ ‘ಮೊಬೈಲ್ ನಿರಪಾಯ’ ಎಂದೋ ಬರೆಯಲು ಇದು ಸಾಕಾಯಿತು. ವಾಸ್ತವದಲ್ಲಿ ಇವೆರಡರ ನಡುವೆ ಜಗಳವೇ ಇಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಫೋನಿನ ಸಂಕೇತವನ್ನು ಗರಿಷ್ಠ ಶಕ್ತಿಯಲ್ಲಿ ಹೊಮ್ಮಿಸುತ್ತ ಉಪಕರಣದ ಮೈಗೆ ತಾಗುವವರೆಗೂ ತರಲಾಗಿತ್ತು, ಮತ್ತು ಅಡಚಣೆ ಕಂಡ ದೂರಗಳ ಮಧ್ಯಮ ಮೌಲ್ಯ ಬರೀ 3 ಸೆಂಟಿಮೀಟರ್; ಮೇಯೊದಲ್ಲಿ ಜನ ಸಹಜವಾಗಿ ಫೋನ್ ಬಳಸುವಂತೆಯೇ ಬಳಸಿ ನೋಡಲಾಗಿತ್ತು. ಮೊದಲನೆಯದು ಏನಾಗಬಹುದೆಂಬುದನ್ನು ತೋರಿಸಿತು, ಎರಡನೆಯದು ಸಾಮಾನ್ಯವಾಗಿ ಏನಾಗುತ್ತದೆಂಬುದನ್ನು.

ದೂರದ ಮಹಿಮೆ ಸರಳ ಗಣಿತದಲ್ಲಿ ಗೋಚರವಾಗುತ್ತದೆ. ರೇಡಿಯೊ ಕ್ಷೇತ್ರದ ತೀವ್ರತೆಯನ್ನು ಮೀಟರಿಗೆ ಇಷ್ಟು ವೋಲ್ಟ್ ಎಂದು ಅಳೆಯುವ ರೂಢಿಯಿದ್ದು, ಫೋನಿನ ಶಕ್ತಿಯ ವರ್ಗಮೂಲವನ್ನು ಆರರಿಂದ ಗುಣಿಸಿ, ಮೀಟರಿನಲ್ಲಿರುವ ದೂರದಿಂದ ಭಾಗಿಸಿದರೆ ಆ ತೀವ್ರತೆಯ ಅಂದಾಜು ಸಿಗುತ್ತದೆ. 2 ವ್ಯಾಟಿನ ಹಳೆಯ ಫೋನು 30 ಸೆಂಟಿಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 28 ವೋಲ್ಟ್, ಒಂದು ಮೀಟರಿನಲ್ಲಿ 8.5, ಮೂರು ಮೀಟರಿನಲ್ಲಿ 3ಕ್ಕೂ ಕಡಿಮೆ ಕ್ಷೇತ್ರವನ್ನು ಉಂಟುಮಾಡುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್ ಮಾತ್ರವಾದ್ದರಿಂದ ಅದು ಒಂದು ಮೀಟರ್ ದೂರದಲ್ಲೇ 3 ವೋಲ್ಟಿಗಿಂತ ಕೆಳಗಿಳಿದಿರುತ್ತದೆ. ಈ 3 ಎಂಬ ಅಂಕಿಗೆ ಇತಿಹಾಸವಿದೆ. ವೈದ್ಯಕೀಯ ವಿದ್ಯುತ್ ಉಪಕರಣಗಳು ಎಷ್ಟು ತರಂಗವನ್ನು ತಾಳಿಕೊಳ್ಳಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನದಂಡ, ಅಂದರೆ ಐಇಸಿ 60601-1-2, 1993ರಲ್ಲಿ ಮೊದಲು ಹೊರಬಂದಾಗ ವಿಧಿಸಿದ್ದು ಮೀಟರಿಗೆ 3 ವೋಲ್ಟಿನ ತಾಳಿಕೆಯನ್ನು. 2001ರ ಆವೃತ್ತಿ ಪ್ರಾಣ ಉಳಿಸುವ ಯಂತ್ರಗಳಿಗೆ ಅದನ್ನು 10ಕ್ಕೆ ಏರಿಸಿತು. 2014ರ ಆವೃತ್ತಿ, ಇನ್ನು ಜನರ ಜೇಬಿನಿಂದ ಫೋನನ್ನು ತೆಗೆಸಲಾಗದೆಂಬ ವಾಸ್ತವವನ್ನು ಒಪ್ಪಿಕೊಂಡಂತೆ, 30 ಸೆಂಟಿಮೀಟರ್ ಸಮೀಪದ ಫೋನನ್ನೂ ಉಪಕರಣ ತಾಳಬೇಕೆಂದು ಹೇಳಿ, ಆವರ್ತನಕ್ಕೆ ತಕ್ಕಂತೆ 9ರಿಂದ 28 ವೋಲ್ಟ್‌ವರೆಗಿನ ಪರೀಕ್ಷೆಗಳನ್ನು ಗೊತ್ತುಪಡಿಸಿತು. ಇಂಗಾಲ ಬೆರೆಸಿದ ಫೋಮಿನ ಪಿರಮಿಡ್ಡುಗಳನ್ನು ಗೋಡೆ ತುಂಬ ಚುಚ್ಚಿದ, ಹೊರಗಿನ ಯಾವ ತರಂಗವೂ ನುಸುಳದ ಕೊಠಡಿಯಲ್ಲಿ ಆಂಟೆನಾ ಎದುರು ಉಪಕರಣವನ್ನಿಟ್ಟು ಇವನ್ನು ನಡೆಸುತ್ತಾರೆ.

ಮಾನದಂಡ ಬದಲಾದ ದಿನವೇ ಆಸ್ಪತ್ರೆಯ ಯಂತ್ರಗಳು ಬದಲಾಗುವುದಿಲ್ಲವೆಂಬುದೇ ತೊಡಕಿನ ಮೂಲ. ಒಳ್ಳೆಯ ವೆಂಟಿಲೇಟರೊಂದು ಹತ್ತು–ಹದಿನೈದು ವರ್ಷ ಬಾಳುತ್ತದೆ, ದೊಡ್ಡ ಆಸ್ಪತ್ರೆ ಕೈಬಿಟ್ಟ ಮಾನಿಟರು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎರಡನೆಯ ಆಯುಸ್ಸು ಕಾಣುತ್ತದೆ. ಫೋನುಗಳ ಕಡೆಯಿಂದಲೂ ಹಳೆಯದು ಪೂರ್ತಿ ಹೋಗಿಲ್ಲ. ಹಳ್ಳಿಯಿಂದ ರೋಗಿಯ ಜೊತೆ ಬಂದ ಹಿರಿಯರ ಅಂಗಿಯ ಜೇಬಿನಲ್ಲಿರುವುದು ಬಹುಪಾಲು ಬಟನ್ ಫೋನು, ಅದರಲ್ಲೂ 2ಜಿ ಸಿಮ್ಮು ಇರುವುದು ಅಪರೂಪವಲ್ಲ. 3 ವೋಲ್ಟಿನ ಕಾಲದ ಯಂತ್ರ ಮತ್ತು 2 ವ್ಯಾಟಿನ ಫೋನು ಪರಸ್ಪರ ಎದುರಾಗುವುದು ದುಬಾರಿ ಆಸ್ಪತ್ರೆಗಳಿಗಿಂತ ಇಂಥ ಕಡೆಗಳಲ್ಲೇ ಹೆಚ್ಚು.

ಫೋನು ಯಾವಾಗಲೂ ಗರಿಷ್ಠ ಶಕ್ತಿಯಲ್ಲೇ ಕೆಲಸ ಮಾಡುವುದಿಲ್ಲ. ಟವರು ಹತ್ತಿರವಿದ್ದಾಗ ಶಕ್ತಿಯನ್ನು ನೂರಾರು ಪಟ್ಟು ತಗ್ಗಿಸಿಕೊಳ್ಳುತ್ತದೆ. ಸಿಗ್ನಲ್ ಕ್ಷೀಣವಾದಾಗ, ಹೊಳೆಯಾಚೆಯವನನ್ನು ಕೂಗುವವರಂತೆ ದನಿ ಏರಿಸುತ್ತದೆ. ದಪ್ಪ ಕಾಂಕ್ರೀಟಿನ ನೆಲಮಾಳಿಗೆ, ಸೀಸದ ಹಾಳೆ ಹೊದಿಸಿದ ಎಕ್ಸ್‌ರೇ ವಿಭಾಗ, ಕಟ್ಟಡದ ನಡುಮಧ್ಯೆ ಕಿಟಕಿಯಿಲ್ಲದೆ ಇರುವ ಐಸಿಯು, ಇವೆಲ್ಲ ಸಿಗ್ನಲ್ ಸಿಗದ ಸ್ಥಳಗಳಾದ್ದರಿಂದ ಫೋನು ಅಲ್ಲೇ ಅತಿ ಜೋರಾಗಿ ಕೂಗುತ್ತದೆ. ಇದರಿಂದ ಹೊರಡುವ ತೀರ್ಮಾನ ಕೇಳುವುದಕ್ಕೆ ವಿಪರೀತವೆನಿಸಿದರೂ ಸರಿಯಾದದ್ದು: ಆಸ್ಪತ್ರೆಯೊಳಗೆ ಅಲ್ಪಶಕ್ತಿಯ ಆಂಟೆನಾಗಳನ್ನು ಚಾವಣಿಯಲ್ಲಿ ಅಳವಡಿಸಿ ಒಳ್ಳೆಯ ಸಿಗ್ನಲ್ ಕೊಟ್ಟರೆ ಪ್ರತಿಯೊಂದು ಫೋನೂ ತಗ್ಗಿದ ದನಿಯಲ್ಲಿ ಮಾತಾಡತೊಡಗಿ, ಉಪಕರಣಗಳಿಗೆ ತಗಲುವ ತರಂಗ ಕಡಿಮೆಯಾಗುತ್ತದೆ.

ದೇಹದ ಒಳಗೇ ಉಪಕರಣ ಹೊತ್ತವರ ಪ್ರಶ್ನೆ ಬೇರೆ. ಹೃದಯದ ಲಯ ತಪ್ಪಿದಾಗ ವಿದ್ಯುತ್ ಕುಟುಕು ಕೊಟ್ಟು ಬಡಿಸುವ ಪೇಸ್‌ಮೇಕರ್, ಹೊರಗಿನ ತರಂಗವನ್ನು ಹೃದಯದ ಬಡಿತವೆಂದು ಭ್ರಮಿಸಿದರೆ ‘ಹೃದಯ ತಾನೇ ಬಡಿಯುತ್ತಿದೆ’ ಎಂದು ಕೈಕಟ್ಟಿ ಕುಳಿತುಬಿಡಬಹುದು. 1997ರಲ್ಲಿ ಪ್ರಕಟವಾದಂತೆ, ಅಮೆರಿಕದಲ್ಲಿ 980 ರೋಗಿಗಳ ಮೇಲೆ ನಡೆಸಿದ 5,533 ಪರೀಕ್ಷೆಗಳಲ್ಲಿ ಶೇ 20ರಲ್ಲಿ ಏನಾದರೊಂದು ಅಡಚಣೆಯೂ, ಶೇ 6.6ರಲ್ಲಿ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದ ಅಡಚಣೆಯೂ ಕಂಡುಬಂದಿತ್ತು. ಆದರೆ ಫೋನನ್ನು ಕಿವಿಯ ಬಳಿ, ಅಂದರೆ ಎಲ್ಲರೂ ಹಿಡಿಯುವ ಹಾಗೆ ಹಿಡಿದಾಗ ಅಂಥ ಮುಖ್ಯ ಅಡಚಣೆ ಒಮ್ಮೆಯೂ ಕಾಣಲಿಲ್ಲ. ಆಮೇಲೆ ಬಂದ ಪೇಸ್‌ಮೇಕರುಗಳಲ್ಲಿ ತಂತಿ ಒಳಹೋಗುವ ದ್ವಾರದಲ್ಲೇ ರೇಡಿಯೊ ತರಂಗವನ್ನು ತಡೆಯುವ ಸೋಸುಕಗಳಿರುವುದರಿಂದ ಈ ಭಯ ಬಹಳಷ್ಟು ತಗ್ಗಿದೆ. ಅದರ ಜಾಗಕ್ಕೆ ಬಂದಿರುವುದು ಆಯಸ್ಕಾಂತದ ಭಯ. ಪೇಸ್‌ಮೇಕರನ್ನೂ, ಅದರ ಸೋದರನಂತಿರುವ ಎದೆಯೊಳಗಿನ ಡಿಫಿಬ್ರಿಲೇಟರನ್ನೂ ಆಯಸ್ಕಾಂತ ತೋರಿಸಿ ತಾತ್ಕಾಲಿಕವಾಗಿ ಬೇರೆ ಸ್ಥಿತಿಗೆ ತರುವ ಅನುಕೂಲವನ್ನು ವೈದ್ಯರಿಗೆಂದೇ ಇಟ್ಟಿರುತ್ತಾರೆ. ತಂತಿಯಿಲ್ಲದೆ ಚಾರ್ಜ್ ಮಾಡಲು ಹಿಂಬದಿಯಲ್ಲಿ ಆಯಸ್ಕಾಂತಗಳ ಬಳೆಯಿರುವ ಐಫೋನ್ 12 ಅನ್ನು ಎದೆಯ ಬಳಿ ತಂದಾಗ ಡಿಫಿಬ್ರಿಲೇಟರಿನ ಚಿಕಿತ್ಸೆ ಸ್ಥಗಿತಗೊಂಡದ್ದನ್ನು ಅಮೆರಿಕದ ವೈದ್ಯರು 2021ರಲ್ಲಿ ವರದಿ ಮಾಡಿದರು. ಫೋನನ್ನು ಇಂಥ ಉಪಕರಣದಿಂದ 15 ಸೆಂಟಿಮೀಟರ್ ದೂರವಿಡಿ, ಎದೆಯ ಜೇಬಿನಲ್ಲಿಡಬೇಡಿ ಎಂಬ ಹಳೆಯ ಸಲಹೆ ಹೊಸ ಕಾರಣದಿಂದ ಮತ್ತೆ ಊರ್ಜಿತವಾಗಿದೆ.

ಬ್ರಿಟನ್ನಿನ ಅಧಿಕಾರಿಗಳು ಆಸ್ಪತ್ರೆಯಿಡೀ ಅನ್ವಯಿಸುವ ನಿಷೇಧ ಬೇಡವೆಂದು 2004ರಲ್ಲೇ ಹೇಳಿದರು. ಕರ್ನಾಟಕದಲ್ಲಿಯೂ ಅಂಥ ನಿಷೇಧ ಈಗ ಅರ್ಥ ಕಳೆದುಕೊಂಡಿದೆ. ರಾಜ್ಯ ಸರ್ಕಾರದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಾಲದ ಮೂಲಕ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರನ್ನು ತಲುಪುವುದರ ಮೇಲೆಯೇ ಹೃದಯಾಘಾತಕ್ಕೆ ಕೊಡುವ ಚುಚ್ಚುಮದ್ದಿನ ಸಮಯ ನಿಂತಿದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಂತೂ ಫೋನಿಗಿಂತ ಎಷ್ಟೋ ದೊಡ್ಡ ಗದ್ದಲಗಾರ ಯಂತ್ರ ಅಲ್ಲಿಯದೇ ಆಗಿದೆ: ಮಾಂಸವನ್ನು ಕೊಯ್ಯುತ್ತಲೇ ರಕ್ತಸ್ರಾವ ತಡೆಯುವ ಕಾಟರಿಯನ್ನು ಶಸ್ತ್ರಚಿಕಿತ್ಸಕರು ಒತ್ತಿದಾಗ ಮಾನಿಟರಿನ ಇಸಿಜಿ ಗೆರೆ ಒಡನೆಯೇ ಚೆಲ್ಲಾಪಿಲ್ಲಿಯಾಗುವುದನ್ನು ಅರಿವಳಿಕೆ ತಜ್ಞರು ದಿನವೂ ನೋಡುತ್ತಾರೆ. ಅದಕ್ಕೆ ಕಾರಣ ಎದುರಿಗೇ ಇರುವುದರಿಂದ ಯಾರೂ ಮೋಸಹೋಗುವುದಿಲ್ಲ.

ಮೋಸ ಹೋಗುವುದು ಕಾರಣ ಕಾಣದಿದ್ದಾಗ. ವಾರ್ಡುಗಳಲ್ಲಿ ತಲೆದಿಂಬಿನ ಹಿಂದಿನ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ, ತಂತಿ ಗಿಡ್ಡವಾಯಿತೆಂದು ಫೋನನ್ನು ಸಿರಿಂಜ್ ಪಂಪಿನ ತಲೆಯ ಮೇಲೋ ವೆಂಟಿಲೇಟರಿನ ತಟ್ಟೆಯ ಮೇಲೋ ಇಡುವುದು ತೀರ ಸಾಮಾನ್ಯ, ಮತ್ತು ಅಪಾಯದ ಆ ಕೆಲವೇ ಸೆಂಟಿಮೀಟರುಗಳು ಇರುವುದು ಅಲ್ಲೇ. ರಾತ್ರಿ ಕರೆ ಬಂದು, ಪಂಪು ನಿಂತು, ನರ್ಸ್ ಬಂದು ಮತ್ತೆ ಚಾಲೂ ಮಾಡುವಷ್ಟರಲ್ಲಿ ಕರೆ ಮುಗಿದಿರುತ್ತದೆ. ಮರುದಿನ ಬಯೊಮೆಡಿಕಲ್ ಎಂಜಿನಿಯರ್ ಪಂಪನ್ನು ಬಿಚ್ಚಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ತರಂಗ ತನ್ನ ಹಿಂದೆ ಸುಟ್ಟ ವಾಸನೆಯನ್ನಾಗಲಿ ಮುರಿದ ಬಿಡಿಭಾಗವನ್ನಾಗಲಿ ಬಿಟ್ಟುಹೋಗುವುದಿಲ್ಲ. ವೈದ್ಯಕೀಯ ಸಾಧನಗಳಿಂದಾಗುವ ಅವಘಡಗಳನ್ನು ದಾಖಲಿಸಲು ಭಾರತದಲ್ಲಿ 2015ರ ಜುಲೈನಿಂದ ಮೆಟೀರಿಯೊವಿಜಿಲೆನ್ಸ್ ಎಂಬ ಕಾರ್ಯಕ್ರಮ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಮೂಲಕ ನಡೆಯುತ್ತಿದೆ. ಅದಕ್ಕೆ ಕಳುಹಿಸುವ ವರದಿಯಲ್ಲಿ ಯಂತ್ರದ ಹೆಸರು, ಮಾದರಿಗಳ ಜೊತೆಗೆ ಆ ಗಳಿಗೆಯಲ್ಲಿ ಎಷ್ಟು ದೂರದಲ್ಲಿ ಯಾವ ಫೋನು, ಯಾವ ವಾಕಿ–ಟಾಕಿ ಇತ್ತೆಂಬುದನ್ನು ಹಾಸಿಗೆಯ ಬಳಿ ಇದ್ದವರು ಬರೆದಿಡದ ಹೊರತು ಆ ಪಂಪು ನಿಂತದ್ದು ‘ಕಾರಣ ತಿಳಿಯದು’ ಎಂಬ ಸಾಲಿಗೇ ಸೇರುತ್ತದೆ.